ಹದಿನಾಲ್ಕನೇ ತಾರೀಖಿನ ಕರದಂಟು

…ಯಾರೂ ಬಂದಿಲ್ಲ ಅಂದೆ ಅಲ್ಲ ದಾಕ್ಷಾಯಿಣಿ, ಎಷ್ಟ ಸಲ ಕೇಳತಿ? ಹಾಲಿನವ ಬಂದಿದ್ದ, ಹೋದ. ಸಾಲಿಯಿಂದ ಬಂದಾಕಿ ಕೈಕಾಲು ಸೈತ ತೊಳಿಲಿಲ್ಲ, ಡಬ್ಬಿ ಬಂತೇನು, ಡಬ್ಬಿ ಬಂತೇನು! ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಹಿಂಗ ಕಲಸ್ತೀಯೇನವಾ?

ಕೂಡು. ಚಾ ಕುಡಿ.

ಇವತ್ತಿನ ಈ ಪ್ರೇಮಿಗಳ ದಿನದ ಮಹಿಮಾ ಬಾಜೂ ಮನಿ ರಾಧಿಕಾ ಬಂದು ಮೊಬೈಲಿನ್ಯಾಗ ಓದಿ ಹೇಳಿದ್ಲು. ರೋಮಿನ್ಯಾಗ ಒಬ್ಬ ಸ್ವಾಮಿ ಇದ್ದನಂತ. ಸಿಪಾಯಿಗಳು ಲಗ್ನ ಆಗಬಾರದು ಅಂತ ರಾಜನ ಹುಕುಂ. ಇವ ಕದ್ದು ಲಗ್ನಾ ಹಚ್ಚಿದ. ರಾಜ ತಲಿ ತಗಸಿದ. ತಲಿ ಹೋದದ್ದು ಅವಂದು, ಗುಲಾಬಿ ಮಾರಾಕತ್ತವರು ಇವರು. ಅದೂ ಒಂದ ದಿನ ಅಲ್ಲಂತ, ಒಂದು ವಾರ… ಗುಲಾಬಿ ದಿನ, ಚಾಕೊಲೇಟ ದಿನ, ಗೊಂಬಿ ದಿನ. ಶ್ರಾವಣದಾಗ ಸೈತ ಇಷ್ಟ ವ್ರತ ಇಲ್ಲ ನಮಗ.

ಯಾಕ ಹಂಗ ನೋಡತಿ? ಗೊತ್ತೈತಿ, ಗೊತ್ತೈತಿ. ಕಲ್ಯಾಣದಾಗೂ ಜಾತಿ ಮೀರಿದ ಒಂದು ಲಗ್ನಕ್ಕ ಶರಣರನ್ನ ಆನಿ ಕಾಲಿಗೆ ಕಟ್ಟಿ ಎಳಸಿದ್ರು. ಸೋಮವಾರಕ್ಕೊಮ್ಮೆ ಮಠದಾಗ ಹೆಣ್ಮಕ್ಕಳ ಮುಂದ ಆ ಕಥಿ ಹೇಳಿ ನಾನ ಅಳಸ್ತೀನಿ, ನಾನೂ ಅಳತೀನಿ. ಆದ್ರ ಕಲ್ಯಾಣ ಬ್ಯಾರೆ, ನಮ್ಮೂರು ಬೆಲ್ಲದ ಬಾಗೇವಾಡಿ ಬ್ಯಾರೆ.

ನಗಬ್ಯಾಡ.

ನಾ ನಿಮ್ಮಪ್ಪನ ಮಾರಿ ನೋಡಿದ್ದು ಅಕ್ಕಿಕಾಳು ಬಿದ್ದ ಮ್ಯಾಲೆ. ಅದಕಿಂತ ಮೊದಲ ಕಂಡಿದ್ದು ಬರೇ ಕಾಲಬೆರಳು. ಆ ವರ್ಷ ದಸರಾದಾಗ ಎಲ್ಲಾರ ಮುಂದ ಬನ್ನಿ ಕೊಟ್ಟು, "ಬಂಗಾರದಂಗ ಇರೂಣು" ಅಂದ್ರು. ಎಲ್ಲಾರೂ ಎಲ್ಲಾರಿಗೂ ಅನ್ನೂ ಮಾತ ಅದು. ಆದ್ರ ಕೈ ಚೂರು ಹೊತ್ತು ಬಿಡಲಿಲ್ಲ. ಮುಗೀತು, ಅದ ನಮ್ಮ ಹಬ್ಬ. ಮೂವತ್ತ ವರ್ಷಕ್ಕ ಅಷ್ಟ ಸಾಕಾತು.

ಈಗ ನೋಡು, ಬೀಗಿತಿ ಆಗೂಕಿನೂ ಇದ ಹಬ್ಬ ಮಾಡತಾಳಂತ! ಹೋದ ಐತವಾರ ಹುಕ್ಕೇರಿಯಿಂದ ನೀ ಮೆಚ್ಚಿದ ಶ್ರೇಯಸನ ತಾಯಿ, ತಾರಾಬಾಯಾರು, ಫೋನ ಮಾಡಿ ಏನಂದ್ರು? "ಅಕ್ಕಾರ, ಹದಿನಾಲ್ಕನೇ ತಾರೀಖಿಗೆ ಗೋಕಾಕ ಕರದಂಟು ಕಳಸ್ತೀನ್ರಿ. ಒಪ್ಪಿಗಿ ಇದ್ರ ಬಾಯಿ ಸಿಹಿ ಮಾಡಕೋರಿ. ಇಲ್ಲಂದ್ರ ಡಬ್ಬಿ ಹಂಗ ತಿರುಗಿ ಕಳಸ್ರಿ, ನಾವು ಮನಸಿಗೆ ಹಚ್ಚಿಕೊಳ್ಳೂದಿಲ್ಲ." ನಿಮ್ಮಪ್ಪ ಶಾಣ್ಯಾ. ನಿಮ್ಮವ್ವ ಹೂಂ ಅಂದ್ರ ಹೂಂ ಅಂತ ಹೇಳಿ ಹೊಲಕ್ಕ ಹೋದ್ರು.

ಹುಡುಗನ ಮ್ಯಾಲೆ ನಂದೇನೂ ಇಲ್ಲ. ಮೆತ್ತನ ಮಾತಿನವ, ದೇವರ ಮ್ಯಾಲೆ ಭಕ್ತಿ ಐತಿ. ಆದ್ರ ಅವರು ಜೈನರು. ಹೊತ್ತು ಮುಳಗೂದ್ರೊಳಗ ಊಟ ಮುಗೀಬೇಕು. ನೀ ರಾತ್ರಿ ಒಂಬತ್ತಕ್ಕ ಊಟದ ಗಂಗಾಳ ಹುಡುಕಾಕಿ. ಉಳ್ಳಾಗಡ್ಡಿ ಇಲ್ಲದ ನಿನಗ ತುತ್ತು ಇಳಿಯೂದಿಲ್ಲ. ಮಂದಿ ಏನಂತಾರ ಅನ್ನೂದು ಬ್ಯಾರೆ. ಅದೂ ಹೋಗಲಿ, ಕರದಂಟರ ಕರದಂಟಿನಂಗ ಇರಬೇಕೋ ಬ್ಯಾಡೋ? ಹೃದಯದ ಆಕಾರಕ್ಕ ಕೊಯ್ದು, ನಡಬರಕ ಬದಾಮಿ ಒತ್ತಿ…

ನನಗ ಹೆಂಗ ಗೊತ್ತಂದ್ರ? ಪೇಪರಿನ್ಯಾಗ ಬಂದಿತ್ತು. ಯಾವ ಪೇಪರಂದ್ರ… ಚಾ ಆರತೈತಿ, ಕುಡಿ.

ಏನು ನೋಡಾಕತ್ತಿ? ಜಗಲಿ ಮ್ಯಾಲೆ ದೇವರಿದ್ದಾನ, ಇನ್ನೇನು ಇರತೈತಿ. ಇರಿವಿ? ಇರ್ತಾವ ಬಿಡು. ಬೆಲ್ಲದೂರಾಗ ಇರಿವಿ ಬರಲಾರದ ಹುಲಿ ಬರತಾವೇನು? ವಿಭೂತಿ ತಟ್ಟಿ ಹಿಂದ ಏನೂ ಇಲ್ಲ, ಹಳೇ ಮಡಿವಸ್ತ್ರ ಇಟ್ಟೇನಿ. ಸಾಲು ಹಿಡದು ಹೊಂಟ್ರ ಹೋಗಲಿ, ಅವಕ್ಕೂ ಭಕ್ತಿ ಬಂದೀತು…

ತಟ್ಟಿ ಸರಸಬ್ಯಾಡ, ದಾಕ್ಷಾ… ತಗದ ಬಿಟ್ಟೆಲ್ಲ ಡಬ್ಬಿ.

ಬೈಯಾಕರ ಬೈ. ಡಬ್ಬಿ ಹಿಡಕೊಂಡು ಹಂಗ ನೋಡಬ್ಯಾಡ, ನಿಮ್ಮಪ್ಪನಂಗ.

…ಹತ್ತಕ್ಕ ಬಂತು. ಬಿಚ್ಚಬಾರದಂತ ಇದ್ದೆ, ದೇವರಾಣಿ. ತಿರುಗಿ ಕಳಸಬೇಕಂತನ ಇದ್ದೆ. ಬರೇ ನೋಡೂಣಂತ ಮುಚ್ಚಳ ತಗದೆ. ತುಪ್ಪದ ವಾಸನಿ ಬಂತವಾ. ಪೂಜಾ ಆಗಷ್ಟ ಮುಗದಿತ್ತು, ಎಡಗೈಯಾಗ ಲಿಂಗ ಹಂಗ ಇತ್ತು. ಎಂಟು ವರ್ಷದಾಕಿ ಇದ್ದಾಗಿಂದ ಲಿಂಗಕ್ಕ ತೋರಸದ ಗುಟುಕು ನೀರು ಕುಡದಾಕಿ ಅಲ್ಲ ನಾ. ಕೈಗೆ ಅದ ರೂಢಿ. ತೋರಿಸಿದೆ, ಕಣ್ಣಮುಚ್ಚಿದೆ, ಬಾಯಾಗ ಹಾಕ್ಕೊಂಡೆ. ಕಣ್ಣ ತಗದ ಮ್ಯಾಲೆ ನೆನಪಾತು, ಇದು ಬರೇ ಕರದಂಟಲ್ಲ ಅಂತ.

ಆವಾಗಿಂದ ಕುಂತಲ್ಲಿ ಕುಂತಿಲ್ಲ. ತಿರುಗಿ ಕಳಸೂಣಂದ್ರ, ಲಿಂಗಕ್ಕ ಅರ್ಪಿಸಿದ್ದು ಪ್ರಸಾದ. ಪ್ರಸಾದನ ಬ್ಯಾಡಂತ ಕಳಸಿದಾಕಿ ಮುಂದಿನ ಸೋಮವಾರ ಯಾವ ಮಾರಿ ಹೊತ್ತು ಕಲ್ಯಾಣದ ಕಥಿ ಹೇಳಲಿ? ನಾ ಆರು ತಿಂಗಳಿಂದ ಒಲ್ಲೆ ಒಲ್ಲೆ ಅಂದೆ. ಅಂಗೈಯಾಗಿನ ದೇವರು ಒಂದು ತುಂಡಿನ್ಯಾಗ ಹೂಂ ಅಂದುಬಿಟ್ಟ.

ಅಳಬ್ಯಾಡ. ಅದ್ಯಾಕ ಅಳತಿ ಹುಚ್ಚಿ… ಸರಿ, ಇರಿವಿ ಝಾಡಿಸಿ ಡಬ್ಬಿ ಇತ್ತ ಕೊಡು. ಫೋನೂ ಕೊಡು, ಹುಕ್ಕೇರಿಯವರೂ ಬಾಯಿ ಸಿಹಿ ಮಾಡಕೊಳ್ಳಲಿ. ಹೊತ್ತು ಮುಳಗಾಕ ಬಂತು, ಆಮ್ಯಾಲೆ ತಾರಾಬಾಯಾರು ಬಾಯಿಗೆ ಏನೂ ಹಾಕ್ಕೊಳ್ಳೂದಿಲ್ಲ.