ಹಾಡಿಗೆ ಬೇಲಿ ಹಾಕಿದವನು

ಒಂದೂರಲ್ಲಿ ಒಬ್ಬ ಸಾಹುಕಾರನಿದ್ದ. ಹೊಲಮನೆಯ ಸಾಹುಕಾರನಲ್ಲ ನೋಡಿ, ಹಾಡಿನ ಸಾಹುಕಾರ. ಸತ್ತವರ ಮನೆಯ ಭಜನೆಗೆ ಅವನ ಹತ್ತಿರ ಒಂದು ಧಾಟಿಯಿತ್ತು. ಅದನ್ನು ಕೇಳಿದರೆ ದುಃಖ ನುಂಗಿಕೊಂಡು ಕೂತವರೂ ಅತ್ತು ಹಗುರಾಗುತ್ತಿದ್ದರು. ಅಂಥ ಧಾಟಿಯನ್ನು ಈ ಪುಣ್ಯಾತ್ಮ ಏನು ಮಾಡಿದ? "ಇದು ನನ್ನದು" ಅಂದ! ಶಿಷ್ಯರಿಂದ ತಂಬೂರಿ ಮುಟ್ಟಿಸಿ ಆಣೆ ಹಾಕಿಸಿದ. ತಾನಿಲ್ಲದ ಕಡೆ ಹಾಡುವಂತಿಲ್ಲ, ಇನ್ನೊಬ್ಬರಿಗೆ ಕಲಿಸುವಂತಿಲ್ಲ.

ಒಂದು ಮಧ್ಯಾಹ್ನ ಅವನದೇ ಓಣಿಯ ನೇಕಾರನೊಬ್ಬ ತೀರಿಕೊಂಡ. ಮಣ್ಣಿಗೆ ಒಯ್ಯುವ ಹೊತ್ತಾಯಿತು. ಸಾಹುಕಾರನ ಭಜನೆಯವರು ತಾಳ ಕೆಳಗಿಟ್ಟರು. ಆಗ ಗಂಡನ ತಲೆಯ ಹತ್ತಿರ ಕೂತಿದ್ದ ಹೆಂಡತಿ ಕಣ್ಣು ಮುಚ್ಚಿ ತಾನೇ ಹಾಡತೊಡಗಿದಳು. ಅದೇ ಧಾಟಿ! ಬಾಗಿಲಲ್ಲಿ ನಿಂತಿದ್ದ ನಮ್ಮ ಸಾಹುಕಾರನಿಗೆ ಮೈಯೆಲ್ಲ ಉರಿದುಹೋಯಿತು. ಯಾವ ಶಿಷ್ಯ ಆಣೆ ಮುರಿದ? ಯಾರು ಕದ್ದು ಕಲಿಸಿದರು? ಎದುರಿಗೆ ಹೆಣವಿದೆ ಅನ್ನುವುದನ್ನೂ ಮರೆತು ಕೂಗಿದ.

"ಏ, ನಿಲ್ಸವ್ವಾ! ಅದು ನನ್ನ ಧಾಟಿ. ಯಾರ್ನ ಕೇಳಿ ಹಾಡಾಕತ್ತಿ?"

ಹಾಡು ನಿಂತಿತು. ಆಕೆ ಕಣ್ಣು ತೆರೆದಳು.

"ಯಣ್ಣಾ, ಇದು ನಮ್ಮವ್ವ ಬೀಸೂವಾಗ ಹಾಡತಿದ್ದ ಪದದ ಧಾಟಿ. ನಿಮ್ಮವ್ವ ತೀರಿಕೊಂಡಾಗ ನೀ ಸಣ್ಣಾಂವ ಇದ್ದಿ. ನಮ್ಮ ಬೀಸೂಕಲ್ಲಿನ ಮಗ್ಗಲದಾಗ ಕುಂತು ಅಳತಿದ್ದಿ. ನೀ ಸುಮ್ನಾಗೂ ತನಕಾ ನಮ್ಮವ್ವ ಇದನ್ನ ಹಾಡತಿದ್ಲು. ಮರತೇನ?"

ಮರೆತಿದ್ದ. ನಿಜವಾಗಿಯೂ ಮರೆತಿದ್ದ. ಈಗ ಆ ತಾಯಿಯ ದನಿ, ಹಿಟ್ಟು ಮೆತ್ತಿದ ಕೈ, ಎಲ್ಲ ಒಮ್ಮೆಲೇ ನೆನಪಾಯಿತು. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

"ತಪ್ಪಾತವ್ವಾ. ಹಾಡು, ಹಾಡು ನೀ" ಅಂದ.

"ಇನ್ನ ಗಂಟಲ ಏಳೂದಿಲ್ಲ ಬಿಡಣ್ಣಾ" ಅಂದಳು ಆಕೆ. ಹಾಡಿಲ್ಲದೆಯೇ ಹೆಣ ಎತ್ತಿದರು. ಅವನು ತಲೆ ಎತ್ತದೆ ಹಿಂದೆ ನಡೆದ.

ಅವನನ್ನು ಬೈದು ಎದ್ದು ಹೋಗಬೇಡಿ. ನಾವೇನು ಕಡಿಮೆಯೇ? ಪಕ್ಕದ ಮನೆಯವಳು ಹೂರಣದ ಹದ ಕೇಳಿದರೆ ಒಂದು ಮಾತು ನುಂಗಿಕೊಂಡು ಹೇಳುವುದಿಲ್ಲವೇ, ತಾಯಂದಿರೇ? ಮಾಸ್ತರೇ, ನಿಮ್ಮ ನೋಟ್ಸು ಬೇರೆ ಶಾಲೆಯ ಮಕ್ಕಳ ಕೈಗೆ ಹೋದರೆ ಹೊಟ್ಟೆ ಉರಿಯುವುದಿಲ್ಲವೇ? ಪ್ರವಚನ ಹೇಳುವ ನಾನು ಮಾತ್ರ ಏನು? ನನ್ನ ಮಾತನ್ನು ಇನ್ನೊಬ್ಬರು ಹೇಳಿದಾಗ ನನಗೂ ಚುರ್ ಅಂದಿದೆ. ಹೇಳಲು ನಾಚಿಕೆಯಾಗುತ್ತದೆ.

ದುಡಿದದ್ದಕ್ಕೆ ಕೂಲಿ ತೆಗೆದುಕೊಳ್ಳಿ, ಯಾರು ಬೇಡ ಅಂದರು? ಕಲಿತದ್ದಕ್ಕೆ ಮಾತ್ರ ಬೀಗ ಹಾಕಬೇಡಿ. ನಾಳೆ ಯಾರಾದರೂ ಕೇಳಿದರೆ ಪೂರ್ತಿ ಹೇಳಿಕೊಡಿ. ನೀವು ಯಾರಿಂದ ಕಲಿತಿರಿ ಅನ್ನುವುದನ್ನೂ ಹೇಳಿ. ಆ ಹೆಸರು ಮರೆತಿದ್ದರೆ, ಇವತ್ತು ಮನೆಗೆ ಹೋಗಿ ಊಟಕ್ಕೆ ಕೂರುವ ಮೊದಲು ನೆನಪು ಮಾಡಿಕೊಳ್ಳಿ.