ಪಿಳ್ಳಪ್ಪ ಹಿಡಿಯಬೇಕಾದ ಮಿಷನ್

ದೊಡ್ಡನೆಕ್ಕುಂದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ನನ್ನ ಮುಂದೆ ಇಬ್ಬರು ನಿಂತಿದ್ದರು. ಒಬ್ಬರು ಅಪಾರ್ಟ್‌ಮೆಂಟಿನ ಸೆಕ್ರೆಟರಿ ಶ್ಯಾಮಸುಂದರ, ಇನ್ನೊಬ್ಬರು ಅಲ್ಲಿನ ಮಾಲಿ ಪಿಳ್ಳಪ್ಪ. ಕೌಂಟರ್ ಮೇಲೆ ಮರ ಕೊಯ್ಯುವ ಮಿಷನ್ನುಗಳು ಎರಡಿದ್ದವು, ಒಂದು ಪೆಟ್ರೋಲಿನದು, ಇನ್ನೊಂದು ಕರೆಂಟಿನದು. ಅರ್ಧ ಗಂಟೆಯಾದರೂ ಯಾವುದು ಬೇಕೆಂದು ಇಬ್ಬರಿಗೂ ತಿಳಿದಿರಲಿಲ್ಲ. ನನಗೆ ತಾಳ್ಮೆ ಕಡಿಮೆ, ಆದರೂ ನನ್ನ ಸರದಿಗೆ ಕಾಯುತ್ತ ನಿಂತೆ.

“ಪೆಟ್ರೋಲ್‌ದು ಬೇಡ ಕಣಪ್ಪ. ಮನೇಲಿ ಕೂತು ಕೆಲ್ಸ ಮಾಡೋರು ಸೌಂಡು ಅಂತ ಗಲಾಟೆ ಮಾಡ್ತಾರೆ.”

“ಕರೆಂಟಿಂದಾದ್ರೆ ವೈರು ಎಲ್ಲಿಂದ ಎಳೀಲಿ ಸಾರ್? ಮರಗಳು ಕಾಂಪೌಂಡ್ ಮೂಲೇಲವೆ.”

“ಹೌದಲ್ವಾ... ಹಾಗಾದ್ರೆ ಪೆಟ್ರೋಲ್‌ದೇನಾ?”

“ವರ್ಸಕ್ಕೆ ಎಲ್ಡು ಸಲ ಕೊಂಬೆ ಕಡಿಯಕ್ಕೆ ಇದೆಲ್ಲ ಯಾಕೆ? ನನ್ ಮಚ್ಚು ಐತಲ್ಲ.”

“ಮಚ್ಚು ನೋಡಿದ್ರೆ ಮಕ್ಕಳು ಹೆದರ್ತಾರಂತೆ.”

“ಇದನ್ನ ನೋಡಿದ್ರೆ ನಂಗೇ ಎದ್ರಿಕೆ ಆಯ್ತದೆ!”

ಪಿಳ್ಳಪ್ಪ ಒಂದನ್ನು ಎತ್ತಿ ನೋಡಿದರು.

“ಸಾರ್, ಇದನ್ನ ಇಡ್ಕಳಕ್ಕೆ ಎಲ್ಡೂ ಕೈ ಬೇಕು.”

“ಹೂಂ, ಬಾಕ್ಸ್ ಮೇಲೂ ಹಾಗೇ ಬರ್ದಿದೆ. ಎರಡೂ ಕೈಲಿ ಹಿಡ್ಕೋ.”

“ಅಂಗಾದ್ರೆ ಮರದ್ ಮೇಲಿಂದ ನಾನು ಬೀಳ್ದಂಗೆ ಕೊಂಬೆನ ಯಾವ್ ಕೈಲಿ ಇಡ್ಕಳ್ಲಿ?”

ಸೆಕ್ರೆಟರಿ ಬಾಕ್ಸನ್ನು ತಿರುಗಿಸಿ ತಿರುಗಿಸಿ ನೋಡಿದರು.

“ನಂಗೂ ಗೊತ್ತಾಗ್ತಿಲ್ಲ. ವಾಟ್ಸ್ಯಾಪ್ ಗ್ರೂಪಲ್ಲಿ ಹಾಕಿ ವೋಟ್ ಮಾಡ್ಸೋಣ ಬಿಡು.”

“ನಾನೂ ವೋಟ್ ಆಕ್ಬೋದಾ?”

“ಗ್ರೂಪಲ್ಲಿ ಓನರ್‌ಗಳು ಮಾತ್ರ ಇರೋದು ಪಿಳ್ಳಪ್ಪ.”

ಪಿಳ್ಳಪ್ಪ ಮಿಷನ್ನನ್ನು ಮೆಲ್ಲಗೆ ಕೆಳಗಿಟ್ಟರು.

“ಅಂಗಾದ್ರೆ ವೋಟ್ ಆಕ್ದೋರೇ ಮರ ಅತ್ಲಿ ಸಾರ್” ಎಂದು ಹೊರಗೆ ನಡೆದರು.

“ಅಯ್ಯೋ, ಅವ್ರಿಗೆಲ್ಲ ಹತ್ತೋಕೆ ಬರಲ್ಲ ಕಣಪ್ಪ!” ಎನ್ನುತ್ತ ಸೆಕ್ರೆಟರಿ ಹಿಂದೆಯೇ ಓಡಿದರು.