ಎರಡಿಂಚು ಕಡಿಮಿ ಕಥಿ

...ಬೀರಲಿಂಗಪ್ಪನವರ, ಆ ಮಾತು ನನಗ ಮೊದಲ ಹೇಳಿದಾಕಿ ಬಾಜೂಮನಿ ಕಾಶೀಬಾಯಿರಿ. ನನ್ನ ಮನ್ಯಾಗಿನ ಸುದ್ದಿ ನನಗ! ‘ಶಾಂತಯ್ಯನವರ, ನಿಮ್ಮ ದೇವರ ಖೋಲಿ ಬಾಗಲದ ಅಳತಿ ಬಡಿಗ್ಯಾ ತಪ್ಪಿಸ್ಯಾನಂತಲ್ರಿ’ ಅಂದ್ಲು. ನಾ ಏನನ್ನಲಿ? ‘ಶಿವ ಶಿವಾ’ ಅಂದೆ... ಅಷ್ಟ.

ಚಾ ತಗೋರಿ, ಆರತೈತಿ. ನೀವು ಬಡದ ಎಡಗಡೀ ಪಟ್ಟಿ ಛಲೋ ಕುಂತೈತಿ. ಗ್ವಾಡಿಗೂ ಚೌಕಟ್ಟಿಗೂ ನಡುವಿನ ಸಂದು ಕಾಣಂಗೇ ಇಲ್ಲ. ಬಲಗಡೀದೊಂದು ಮುಚ್ಚಿದ್ರ ಮುಗೀತು. ನಾಳೆ ಸೋಮವಾರ, ಪೂಜಿಗೆ ಬಂದ ಮಂದಿ ಬಾಗಲಾ ನೋಡಲಿ, ಸಂದು ಯಾಕ ನೋಡಬೇಕು?

  

ಸಪ್ತಾಪುರದ ಋತುಜಾ ಬಾಯಾರ ಮನಿ ಕೆಲಸಾ ನಿಮ್ಮ ಕೈ ಬಿಟ್ಟು ಹೋತಂತ... ಖರೇ ಏನ್ರಿ? ಎಂಟು ಬಾಗಲಾ! ‘ಅಳತಿ ತಪ್ಪೋ ಬಡಿಗ್ಯಾ ಬ್ಯಾಡ’ ಅಂದ್ರಂತ. ಮಂದಿ ಬಾಯಿಗೆ ಬಾಗಲಾ ಕೂಡ್ರಿಸೋ ಬಡಿಗ್ಯಾ ಇನ್ನೂ ಹುಟ್ಟಿಲ್ಲ ಬಿಡ್ರಿ... ನಗಲಿಲ್ಲ ನೀವು.

ಹೋಗಲಿ, ಬ್ಯಾರೆ ಹೇಳ್ತೇನಿ. ನೀವು ಅಳತಿ ತಗೊಂಡು ಚೀಟಿ ಬರದಿಟ್ಟು ಹೋದ್ರಲ್ಲ, ಆ ಸಂಜಿ ನಾ ಪಂಚಾಂಗ ತಗದು, ಅಳತಿ ಶುಭನೋ ಅಶುಭನೋ ಅಂತ ಬಾಗಲದ ಆಯ ಕೂಡಿಸಿದೆ. ಏನ್ ಬಂತು ಗೊತ್ತೇನು? ಖರಾಯ! ಕತ್ತಿ ರೀ, ಅರಿವಿ ಹೊರೂ ಕತ್ತಿ! ದೇವರ ಖೋಲಿಗೆ! ...ಯಾಕ ನಗತೀರಿ? ನಗರಿ, ನಗರಿ. ನಮ್ಮ ದಾನವ್ವನೂ ನಕ್ಕಳು. ‘ಕತ್ತಿ ಬಾಗಲದಾಗ ಇಲ್ಲ, ಪಂಚಾಂಗ ಹಿಡಕೊಂಡು ಕುಂತೈತಿ’ ಅಂದ್ಲು, ಕಟಗೊಂಡ ಗಂಡಗ! ಆದ್ರ ಬರೇ ಎರಡಿಂಚು ಅಗಲ ಕಡಿಮಿ ಆದ್ರ ವೃಷಭಾಯ ಬರ್ತಿತ್ತ್ರಿ. ಸಾಕ್ಷಾತ್ ನಂದಿ!

ಬರ್ತಿತ್ತು ಅಂದೆ. ಅಷ್ಟ... ನಗೂದು ಯಾಕ ನಿಲ್ಲಿಸಿದಿರಿ?

ಮರುದಿನ ಬಂದು ಒಯ್ದ್ರಲ್ಲ, ಆ ಚೀಟಿ ಒಗದಿರಬೇಕು, ಹೌದಲ್ಲೊ? ಎರಡು ತಿಂಗಳಾತು... ಕಿಸೇದ ಮ್ಯಾಲ ಯಾಕ ಕೈ ಇಟ್ರಿ? ತಗೀಬ್ಯಾಡ್ರಿ. ಅದರಾಗ ಏನೈತಿ ನನಗ ಗೊತ್ತೈತಿ. ಪೆನ್ಸಿಲ್ಲಿನ ಮೂವತ್ತಾರು. ಅದರ ಮ್ಯಾಲ ನೀಲಿ ಪೆನ್ನಿನ ಮೂವತ್ನಾಕು. ನಿಮ್ಮ ಕಿವಿ ಸಂದ್ಯಾಗ ಯಾವಾಗ್ಲೂ ಪೆನ್ಸಿಲ್ಲೇ. ನೀಲಿ ಪೆನ್ನು ಯಾರದು... ಗೊತ್ತಿತ್ತು ನಿಮಗ. ಯಜಮಾನ ತಿದ್ದ್ಯಾನ, ಪೂಜಿ ಮಾಡೋ ಮನಶಾ, ಏನೋ ಶಾಸ್ತ್ರ ಇರಬೇಕಂತ ಹಂಗ ಚೌಕಟ್ಟು ಮಾಡಿದ್ರಿ. ಎರಡಿಂಚು ಸಿಮಿಟಿನ್ಯಾಗ ನುಂಗಿ ಹೋಗತೈತಿ ಅಂದ್ಕೊಂಡಿದ್ದೆ ನಾ. ಸಿಮಿಟು ಬಿರಕ ಬಿಡ್ತು.

ಚೌಕಟ್ಟು ಕೂಡ್ರಿಸಿದ ದಿನ ಸಂದು ನೋಡಿ ಕಾಶೀಬಾಯಿ ಕೇಳಿದ್ಲು, ‘ಅಳತಿ ತಗೊಂಡವ್ರು ಯಾರ್ರಿ?’ ಅಂತ. ಹತ್ತು ಮಂದಿ ನಿಂತಿದ್ರು. ‘ಬೀರಲಿಂಗಪ್ಪ’ ಅಂದೆ. ಸುಳ್ಳಲ್ಲಲ್ಲ? ಅಳತಿ ನೀವ ತಗೊಂಡಿದ್ರಿ, ಹೌದಲ್ಲೊ? ...ಹಂಗ ನೋಡಬ್ಯಾಡ್ರಿ. ಮಾತು ನನಗ ಆಕಿ ಹೇಳಿದ್ದು ಆಮ್ಯಾಲ. ಆಕಿಗೆ ಮೊದಲ ಹೇಳಿದಂವ ನಾನ. ಹಣಿಮ್ಯಾಲ ವಿಭೂತಿ ಹಚಗೊಂಡು ಖರೇ ಮಾತ ಆಡಿದೆ, ಬೀರಲಿಂಗಪ್ಪನವರ! ಸುಳ್ಳಿನ ಮ್ಯಾಲ ಖರೇದ ಪಟ್ಟಿ ಬಡದೆ.

ಒಂದು ಮಾತಾರ ಆಡ್ರಿ. ಬೈರಿ. ಎರಡು ತಿಂಗಳು ಚೀಟಿ ಕಿಸೇದಾಗ ಇಟಗೊಂಡು, ಯಾರಿಗೂ ತೋರಿಸದ... ಕರದ ಕೂಡಲೇ ಬಂದ್ರಲ್ಲ, ನನ್ನ ಸಂದು ಮುಚ್ಚಾಕ!

ಬ್ಯಾಡ. ಸುತ್ತಿಗಿ ಎತ್ತಬ್ಯಾಡ್ರಿ. ಬಲಗಡೀದು ಹಂಗ ಇರಲಿ. ನಾಳೆ ಬಂದವರು ಕೇಳಲಿ, ನಾ ಹೇಳ್ತೇನಿ. ಕುಂದರ್ರಿ... ಕಿಡಕಿ ತಗೀತೇನಿ.

ಕಾಶೀಬಾಯಾರ! ಏ ಕಾಶೀಬಾಯಾರ, ಒಂಚೂರು ಇತ್ತಾಗ ಬರ್ರಿ. ಅವತ್ತು ನಾ ಹೇಳಿದ ಕಥಿ ಎರಡಿಂಚು ಕಡಿಮಿ ಇತ್ತು. ಉಳಿದದ್ದು ಕೇಳ್ರಿ... ಕೇಳಿ, ಮೊದಲ ಮುಟ್ಟಿಸಿದಂಗ ಇದನ್ನೂ ಲಗೂನ ಸಪ್ತಾಪುರದ ತನಕಾ ಮುಟ್ಟಿಸ್ರಿ.